ಹೈಲೈಟ್ಸ್ ಮಾಸುವುದಿಲ್ಲ, ಮಾಸುವುದು ಟೋನರ್

ಪಾರ್ಲರಿನಿಂದ ಹೊರಬಂದ ದಿನ ಜೇನಿನ ಬಣ್ಣ, ಆರನೆಯ ವಾರಕ್ಕೆ ತುಕ್ಕಿನ ಬಣ್ಣ. ಹೈಲೈಟ್ಸ್ ಮಾಡಿಸಿಕೊಂಡವರು ಹೇಳುವ ದೂರು ಹೆಚ್ಚಾಗಿ ಇದೇ. ಕಾರಣಗಳನ್ನು ಹೇಳುವವರಿಗೂ ಬರವಿಲ್ಲ. ಹಚ್ಚಿದ ಬಣ್ಣ ಕಳಪೆ ಎನ್ನುವವರಿದ್ದಾರೆ, ಬೋರ್‌ವೆಲ್ ನೀರನ್ನು ದೂರುವವರಿದ್ದಾರೆ, ‘ಎಣ್ಣೆ ಯಾಕೆ ಹಚ್ಚಿದೆ’ ಎಂದು ಗದರುವವರೂ ಇದ್ದಾರೆ. ಒಂದೆರಡು ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಬಹುಪಾಲು ಗೊಂದಲ ಹುಟ್ಟುವುದು ಹೈಲೈಟ್ಸ್ ಎಂದರೇನು ಎಂಬುದನ್ನೇ ತಪ್ಪಾಗಿ ತಿಳಿದಿರುವುದರಿಂದ. ಆ ತಪ್ಪಿಗೆ ಹಣವೂ ಖರ್ಚಾಗುತ್ತದೆ, ಕೂದಲೂ ಹಾಳಾಗುತ್ತದೆ.

‘ಹೈಲೈಟ್ಸ್ ಎಂದರೆ ಅಲ್ಲಲ್ಲಿ ಬಣ್ಣ ಹಚ್ಚುವುದು’

ಹಚ್ಚುವುದಲ್ಲ, ತೆಗೆಯುವುದು. ಕಡುಕಪ್ಪು ಸೀರೆಯನ್ನು ಅರಿಶಿನದ ನೀರಿನಲ್ಲಿ ಎಷ್ಟು ಅದ್ದಿದರೂ ಅದು ಹಳದಿಯಾಗದು. ಮೊದಲು ಕಪ್ಪು ಹೋಗಬೇಕು. ನಮ್ಮ ಕೂದಲಿನ ಸ್ಥಿತಿಯೂ ಅದೇ. ಕೂದಲೆಳೆಯ ಒಳಪದರದಲ್ಲಿ ಯೂಮೆಲನಿನ್ ಎಂಬ ಕಪ್ಪು-ಕಂದು ವರ್ಣದ್ರವ್ಯ ದಟ್ಟವಾಗಿರುತ್ತದೆ. ಪರ್‌ಸಲ್ಫೇಟ್ ಇರುವ ಬ್ಲೀಚ್ ಪುಡಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಆರಿಸಿದ ಎಳೆಗಳಿಗೆ ಹಚ್ಚಿ, ಫಾಯಿಲ್‌ನಲ್ಲಿ ಮಡಚಿ ಇಡುತ್ತಾರೆ. ಸಲೂನಿನಲ್ಲಿ ‘20 ವಾಲ್ಯೂಮ್’ ಎಂದರೆ 6% ಪೆರಾಕ್ಸೈಡ್, ‘30’ ಎಂದರೆ 9%, ‘40’ ಎಂದರೆ 12%. ಈ ಮಿಶ್ರಣ ಮೆಲನಿನ್ನನ್ನು ಉತ್ಕರ್ಷಿಸಿ ಒಡೆಯುತ್ತದೆ. ಕಪ್ಪು ಮೊದಲು ಕೆಂಗಂದು ಆಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ದಕ್ಷಿಣ ಭಾರತದ ಕೂದಲು ಒಂದು ಸಲಕ್ಕೆ ಸಾಮಾನ್ಯವಾಗಿ ಕಿತ್ತಳೆಯಲ್ಲೋ ಕಿತ್ತಳೆ-ಹಳದಿಯಲ್ಲೋ ನಿಂತುಬಿಡುತ್ತದೆ.

ಆ ಹಸಿ ಕಿತ್ತಳೆಯನ್ನು ಹಾಗೇ ಬಿಡದೆ ಮೇಲೊಂದು ಟೋನರ್ ಕೊಡುತ್ತಾರೆ. ಕ್ಯಾರಮೆಲ್, ಜೇನು, ಬೂದಿ-ಕಂದು ಎಂದು ನೀವು ಕನ್ನಡಿಯಲ್ಲಿ ಕಂಡು ಖುಷಿಪಟ್ಟದ್ದು ಈ ಟೋನರನ್ನು. ಅದು ತಾತ್ಕಾಲಿಕ. ತಲೆಗೆ ನೀರು ಹಾಕಿಕೊಂಡಷ್ಟೂ ಸ್ವಲ್ಪ ಸ್ವಲ್ಪವಾಗಿ ಕರಗಿ, ನಾಲ್ಕರಿಂದ ಆರು ವಾರಗಳಲ್ಲಿ ಬಹುಪಾಲು ಹೋಗಿರುತ್ತದೆ. ಆಗ ಕಾಣಿಸುವ ತುಕ್ಕಿನ ಬಣ್ಣ ಹೊಸದಾಗಿ ಬಂದದ್ದಲ್ಲ. ನಿಮ್ಮದೇ ಕೂದಲಿನಲ್ಲಿ ಉಳಿದುಕೊಂಡಿರುವ ವರ್ಣದ್ರವ್ಯದ ಬಣ್ಣ ಅದು. ಬ್ಲೀಚ್ ತೆಗೆದದ್ದು ಮಾತ್ರ ಮತ್ತೆ ಬರುವುದಿಲ್ಲ.

ಈ ವ್ಯತ್ಯಾಸ ಗೊತ್ತಿಲ್ಲದವರು ‘ಹೈಲೈಟ್ಸ್ ಹೋಯಿತು, ಮತ್ತೆ ಮಾಡಿ’ ಎನ್ನುತ್ತಾರೆ. ಒಮ್ಮೆ ಬ್ಲೀಚ್ ಆದ ಎಳೆಗೇ ಮತ್ತೊಮ್ಮೆ ಬ್ಲೀಚ್ ಬೀಳುತ್ತದೆ. ತುದಿ ನಾರಾಗುವುದು, ಬಾಚಣಿಗೆ ತಗಲಿದರೆ ತುಂಡಾಗುವುದು ಶುರುವಾಗುವುದು ಇಲ್ಲಿಂದಲೇ. ಬೇಕಾಗಿದ್ದದ್ದು ಟೋನರ್ ಮಾತ್ರ. ಅದು ಚಿಕ್ಕ ಕೆಲಸ, ಕಡಿಮೆ ಖರ್ಚಿನದು, ಕೂದಲಿಗೆ ಪೆಟ್ಟೂ ತೀರ ಕಡಿಮೆ. ‘ಬ್ಲೀಚ್ ಬೇಡ, ಟೋನರ್ ಸಾಕು’ ಎಂದು ಬಾಯಿಬಿಟ್ಟು ಕೇಳಿ. ಕಪ್ಪು ಬುಡ ಬೆಳೆದಿದ್ದರೆ ಬ್ಲೀಚ್ ಆ ಹೊಸ ಬೆಳವಣಿಗೆಗೆ ಮಾತ್ರ, ಹಳೆಯ ಎಳೆಯ ಮೇಲೆ ಹರಿಯದಂತೆ.

‘ಪರ್ಪಲ್ ಶಾಂಪೂ ಎಲ್ಲದಕ್ಕೂ ಮದ್ದು’

ನೇರಳೆ ಬಣ್ಣ ಹಳದಿಯನ್ನು ತಣಿಸುತ್ತದೆ, ನೀಲಿ ಬಣ್ಣ ಕಿತ್ತಳೆಯನ್ನು. ಬಣ್ಣಚಕ್ರದಲ್ಲಿ ಎದುರುಬದುರು ಇರುವವು ಒಂದನ್ನೊಂದು ಮಂಕಾಗಿಸುತ್ತವೆ, ಅಷ್ಟೇ ಇದರ ಗುಟ್ಟು. ಪರ್ಪಲ್ ಶಾಂಪೂ ಹೊಂಬಣ್ಣದ, ಬೆಳ್ಳಿ ಬಣ್ಣದ ಕೂದಲಿಗಾಗಿ ಇರುವ ಸರಕು. ನಮ್ಮಲ್ಲಿ ಟೋನರ್ ಮಾಸಿದಾಗ ಕಾಣುವುದು ಹೆಚ್ಚಾಗಿ ಕಿತ್ತಳೆ. ಅದಕ್ಕೆ ಬೇಕಿರುವುದು ಬ್ಲೂ ಶಾಂಪೂ. ಪರ್ಪಲ್ ಬಾಟಲಿ ಖಾಲಿಮಾಡಿ ‘ಏನೂ ಆಗಲಿಲ್ಲ’ ಎಂದು ಬೇಸರಪಡುವವರ ತಪ್ಪು ಬಳಕೆಯಲ್ಲಿಲ್ಲ, ಬಣ್ಣದ ಆಯ್ಕೆಯಲ್ಲಿದೆ.

ವಾರಕ್ಕೊಮ್ಮೆ, ಎರಡು ಮೂರು ನಿಮಿಷ ಸಾಕು. ದಿನಾ ಬಳಸಿದರೆ ಕೂದಲು ಒಣಗಿ ಮಂಕಾಗುತ್ತದೆ. ಹಳದಿ ಎಳೆಯ ಮೇಲೆ ನೀಲಿ ಹೆಚ್ಚಾದರೆ ಹಸಿರು ಛಾಯೆ ಬರಲೂಬಹುದು. ಇಂಥ ಶಾಂಪೂ ಕೂದಲನ್ನು ತಿಳಿಯಾಗಿಸುವುದಿಲ್ಲ ಎಂಬುದೂ ನೆನಪಿರಲಿ. ನಿಮಗೆ ಬೇಕಾದದ್ದೇ ಬೆಚ್ಚನೆಯ ಜೇನು ಬಣ್ಣ, ತಾಮ್ರದ ಬಣ್ಣವಾದರೆ ಎರಡೂ ಬೇಡ. ನನ್ನನ್ನು ಕೇಳಿದರೆ ನಮ್ಮ ಮೈಬಣ್ಣಕ್ಕೂ ಕಪ್ಪು ಕೂದಲಿಗೂ ಆ ಬೆಚ್ಚನೆಯ ಛಾಯೆಗಳೇ ಚೆನ್ನಾಗಿ ಹೊಂದುತ್ತವೆ. ಒಳಗಿನ ಕಿತ್ತಳೆ ಅವುಗಳೊಂದಿಗೆ ಜಗಳಕ್ಕೆ ನಿಲ್ಲುವುದಿಲ್ಲವಾದ್ದರಿಂದ ಮಾಸುವಾಗಲೂ ಅಂದಗೆಡುವುದಿಲ್ಲ.

‘ಸಲ್ಫೇಟ್ ಇಲ್ಲದ ಶಾಂಪೂ ತಂದರೆ ಬಣ್ಣ ಉಳಿಯುತ್ತದೆ’

ಬಣ್ಣವನ್ನು ಹೊತ್ತೊಯ್ಯುವುದರಲ್ಲಿ ಶಾಂಪೂವಿಗಿಂತ ನೀರಿನ ಪಾಲು ದೊಡ್ಡದು. ಆರೋಗ್ಯವಾದ ಕೂದಲಿನ ಹೊರಪದರಕ್ಕೆ ಅಂಟಿಕೊಂಡ ಅತಿ ತೆಳುವಾದ ಕೊಬ್ಬಿನ ಲೇಪವೊಂದು ಇರುತ್ತದೆ. ನೀರು ಜಾರಿಹೋಗುವುದು, ಕೈಗೆ ನುಣುಪು ಸಿಗುವುದು ಅದರಿಂದ. ಬ್ಲೀಚಿನ ಕ್ಷಾರ ಅದನ್ನು ಕಿತ್ತುಹಾಕುತ್ತದೆ. ಆಮೇಲೆ ಆ ಎಳೆ ನೀರನ್ನು ಹೀರಿ ಉಬ್ಬುತ್ತದೆ, ಉಬ್ಬಿದಾಗ ಒಳಗಿನ ಟೋನರ್ ಸೋರುತ್ತದೆ. ಹಾಗಾಗಿ ಯಾವ ಶಾಂಪೂ ಎಂಬುದಕ್ಕಿಂತ ಎಷ್ಟು ಸಲ ತಲೆಗೆ ನೀರು ಹಾಕಿಕೊಳ್ಳುತ್ತೀರಿ, ಎಷ್ಟು ಬಿಸಿ ನೀರು ಎಂಬುದು ಮುಖ್ಯ. ಸಲ್ಫೇಟ್ ಇಲ್ಲ ಎಂಬ ಒಂದೇ ಮಾತಿಗೆ ದುಪ್ಪಟ್ಟು ಬೆಲೆ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಮೃದುವಾದ ಯಾವ ಶಾಂಪೂ ಆದರೂ ಸರಿ, ನೆತ್ತಿಗೆ ಹಚ್ಚಿ. ಉದ್ದಕ್ಕೆ ಹರಿದು ಬರುವ ನೊರೆಯೇ ಸಾಕು.

ಕಂಡಿಷನರ್ ಬಿಡಬೇಡಿ. ಬ್ಲೀಚ್ ಆದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು. ಕಂಡಿಷನರಿನ ಕಣಗಳು ಧನ. ಪೆಟ್ಟು ಬಿದ್ದ ಕಡೆಯೇ ಅವು ಹೆಚ್ಚು ಕೂರುತ್ತವೆ, ಹೆಣೆದುಕೊಂಡ ಎಳೆಗಳು ಬಿಡಿಸಿಕೊಳ್ಳುತ್ತವೆ. ಕೊನೆಗೆ ತಣ್ಣೀರು ಸುರಿದರೆ ಕೂದಲಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ ಎಂಬ ಮಾತಿಗೆ ಆಧಾರವಿಲ್ಲ. ಹೊರಪದರ ಒತ್ತಾಗಿ ಕೂರಲು ನೆರವಾಗುವುದು ಕಂಡಿಷನರಿನ ಲಘು ಆಮ್ಲ ಗುಣ. ಚಳಿಗಾಲದಲ್ಲಿ ನಡುಗಬೇಕಿಲ್ಲ, ಉಗುರು ಬೆಚ್ಚಗಿನ ನೀರು ಸಾಕು.

‘ಹೈಲೈಟ್ಸ್ ಆದಮೇಲೆ ಎಣ್ಣೆ ಮುಟ್ಟಬಾರದು’

ಈ ಮಾತು ಕೇಳಿ ಎಷ್ಟೋ ಮನೆಗಳಲ್ಲಿ ಎಣ್ಣೆ ಸ್ನಾನವೇ ನಿಂತುಹೋಗಿದೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಬ್ಲೀಚ್ ಆದ ಕೂದಲಿಗೆ ನಮ್ಮ ಅಡುಗೆಮನೆಯಲ್ಲಿ ಸಿಗುವ ಒಳ್ಳೆಯ ರಕ್ಷಣೆ ಕೊಬ್ಬರಿ ಎಣ್ಣೆಯೇ. 2003ರಲ್ಲಿ ಆರತಿ ರೆಲೆ ಮತ್ತು ಆರ್. ಬಿ. ಮೊಹಿಲೆ ‘ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ತೈಲಗಳನ್ನು ಹೋಲಿಸಿದ್ದರು. ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆಯೊಂದೇ, ಅದೂ ಆರೋಗ್ಯವಾದ ಕೂದಲಿನಲ್ಲೂ ಹಾಳಾದ ಕೂದಲಿನಲ್ಲೂ. ಅವರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೋ ಕಂಪನಿಯ ಸಂಶೋಧಕರು ಎಂಬುದನ್ನೂ ಓದುಗರು ತಿಳಿದಿರಬೇಕು. ಆದರೂ ಕಾರಣ ಸ್ಪಷ್ಟವಾಗಿದೆ: ಅದರಲ್ಲಿರುವ ಲಾರಿಕ್ ಆಮ್ಲದ ಅಣು ನೀಳ ಮತ್ತು ಚಿಕ್ಕದು, ಕೂದಲಿನೊಳಗೆ ಇಳಿಯಬಲ್ಲದು. ಒಳಗೆ ಎಣ್ಣೆ ಇದ್ದರೆ ನೀರಿಗೆ ಜಾಗ ಕಡಿಮೆ, ಉಬ್ಬುವುದೂ ಕಡಿಮೆ.

ಹಾಗಾದರೆ ಎಣ್ಣೆಯಿಂದ ಬಣ್ಣ ಹೋಯಿತು ಎಂದು ಯಾಕೆ ಅನ್ನಿಸುತ್ತದೆ? ಎಣ್ಣೆಯನ್ನು ತೆಗೆಯಲು ಬಿಸಿ ನೀರು ಸುರಿದು, ಎರಡು ಮೂರು ಸಲ ಶಾಂಪೂ ಹಾಕಿ ತಿಕ್ಕುತ್ತೇವೆ. ಟೋನರ್ ಹೋಗುವುದು ಆ ತಿಕ್ಕಾಟದಲ್ಲಿ. ಹರಳೆಣ್ಣೆಯಂಥ ಮಂದ ಎಣ್ಣೆಯಾದರಂತೂ ಇನ್ನೂ ಹೆಚ್ಚು. ಉಪಾಯ ಸರಳ: ತಲೆ ತೊಳೆಯುವ ಅರ್ಧ ಗಂಟೆ ಮುಂಚೆ, ಒಂದೆರಡು ಚಮಚೆ ಕೊಬ್ಬರಿ ಎಣ್ಣೆ, ನೆತ್ತಿಗಿಂತ ಹೆಚ್ಚಾಗಿ ಎಳೆಯ ಉದ್ದಕ್ಕೂ ತುದಿಗೂ. ಒಂದು ಶಾಂಪೂವಿನಲ್ಲಿ ಹೋಗುವಷ್ಟೇ ಹಚ್ಚಿ. ದೀಪಾವಳಿಯ ಅಭ್ಯಂಜನವನ್ನು ಹೈಲೈಟ್ಸ್‌ಗಾಗಿ ತಪ್ಪಿಸಬೇಕಿಲ್ಲ.

‘ಬೋರ್‌ವೆಲ್ ನೀರಿಗೆ ಕೂದಲು ಉದುರುತ್ತಿದೆ’

ಬೆಂಗಳೂರಿನಲ್ಲಿ ಕಾವೇರಿ ನೀರಿನ ಮನೆಯಿಂದ ಟ್ಯಾಂಕರ್, ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿಗೆ ಹೋದವರು ಹೇಳುವ ಮಾತಿದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬ್ಲೀಚ್ ಆದ ಎಳೆಗೆ ಹೆಚ್ಚು ಅಂಟುತ್ತವೆ ಎಂಬುದು ನಿಜ. ಹೊಳಪು ಹೋಗುತ್ತದೆ, ಕೂದಲು ಒರಟಾಗಿ ನಡುವೆಯೇ ಮುರಿಯಬಹುದು. ಆದರೆ ಅದು ಬೇರಿನಿಂದ ಕಿತ್ತುಬರುವುದಲ್ಲ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಬುಟು ಇದ್ದರೆ ಅದು ಬೇರಿನಿಂದ ಬಂದದ್ದು, ಇಲ್ಲದ ಗಿಡ್ಡ ತುಂಡಾದರೆ ಮುರಿದದ್ದು. ದಿನಕ್ಕೆ 50ರಿಂದ 100 ಕೂದಲು ಬೇರಿನಿಂದ ಉದುರುವುದು ಸಹಜ. ಅದಕ್ಕಿಂತ ಹೆಚ್ಚಿದ್ದರೆ ನೀರನ್ನೂ ಬ್ಲೀಚನ್ನೂ ಬೈಯುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್, ಹೆರಿಗೆ, ಎರಡು ಮೂರು ತಿಂಗಳ ಹಿಂದೆ ಬಂದುಹೋದ ಡೆಂಗಿಯಂಥ ಜ್ವರ, ಇವು ನಿಜವಾದ ಕಾರಣಗಳಾಗಿರಬಹುದು. ಬ್ಲೀಚ್‌ನಿಂದ ಕೂದಲು ಬೇಗ ನರೆಯುತ್ತದೆ ಎಂಬ ಭಯವೂ ಬೇಡ. ನರೆಯುವುದು ಚರ್ಮದ ಕೆಳಗಿನ ಬೇರಿನಲ್ಲಿ ನಿರ್ಧಾರವಾಗುತ್ತದೆ.

ಗಡಸು ನೀರಿಗೆ ಪರಿಹಾರ ಖನಿಜಗಳನ್ನು ಹಿಡಿದು ತೆಗೆಯುವ, ಇಡಿಟಿಎ ಇರುವ ಚೀಲೇಟಿಂಗ್ ಶಾಂಪೂ, ತಿಂಗಳಿಗೊಮ್ಮೆ. ಷವರಿಗೆ ಸಿಕ್ಕಿಸುವ ಪುಟ್ಟ ಇಂಗಾಲದ ಫಿಲ್ಟರ್ ಕ್ಲೋರಿನ್ ಹಿಡಿದೀತು, ಗಡಸುತನವನ್ನಲ್ಲ. ಅದಕ್ಕೆ ರಾಳವಿರುವ ಸಾಫ್ಟ್‌ನರ್ ಬೇಕು. ಈಜುಕೊಳದಲ್ಲಿ ಕೂದಲು ಹಸಿರಾಗಲು ಕಾರಣ ನೀರಿನಲ್ಲಿರುವ ತಾಮ್ರ. ಇಳಿಯುವ ಮುಂಚೆ ಒಳ್ಳೆಯ ನೀರಿನಿಂದ ಕೂದಲು ನೆನೆಸಿ ಕಂಡಿಷನರ್ ಹಚ್ಚಿಕೊಳ್ಳಿ.

‘ನಿಂಬೆರಸ ಹಚ್ಚಿ ಬಿಸಿಲಿಗೆ ಕೂತರೆ ಮನೆಯಲ್ಲೇ ಹೈಲೈಟ್ಸ್’

ಬಿಸಿಲಲ್ಲಿ ಕೂದಲು ತಿಳಿಯಾಗಿಸುವ ಆಸೆ ಹಳೆಯದು. ಚೆಝಾರೆ ವೆಚೆಲ್ಲಿಯೋ 1590ರಲ್ಲಿ ವೆನಿಸ್‌ನಲ್ಲಿ ಪ್ರಕಟಿಸಿದ ಉಡುಪುಗಳ ಪುಸ್ತಕದಲ್ಲಿ, ನೆತ್ತಿಯಿಲ್ಲದ ಟೋಪಿ ಹಾಕಿಕೊಂಡು, ಕೂದಲನ್ನು ಅಂಚಿನ ಮೇಲೆ ಹರಡಿ, ಮಾಳಿಗೆಯ ಮೇಲೆ ಬಿಸಿಲಿಗೆ ಕೂತ ಹೆಂಗಸಿನ ಚಿತ್ರವಿದೆ. ಮೊದಲೇ ತಿಳಿಬಣ್ಣದ ಕೂದಲಿಗೆ ಅದು ಸ್ವಲ್ಪ ಫಲ ಕೊಟ್ಟೀತು. ದಟ್ಟ ಕಪ್ಪು ಕೂದಲಿಗೆ ನಿಂಬೆ ಕೊಡುವುದು ಒಣಕಲುತನ ಮಾತ್ರ. ರಸ ಹಣೆ, ಕುತ್ತಿಗೆಗೆ ಇಳಿದು ಬಿಸಿಲು ತಾಗಿದರೆ ಸುಟ್ಟಂಥ ಗುಳ್ಳೆ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಆಗಬಹುದು. ಜೇನು, ಮೊಸರು, ಅಡುಗೆ ಸೋಡಾ ಕಥೆಯೂ ಇಷ್ಟೇ. ಬಿಸಿಲು ಟೋನರಿಗೂ ಶತ್ರು, ಆದ್ದರಿಂದ ಮಧ್ಯಾಹ್ನ ಹೊರಗೆ ಹೊರಟಾಗ ದುಪಟ್ಟಾ ತಲೆಯ ಮೇಲಿರಲಿ.

‘ಅಮೋನಿಯಾ ಇಲ್ಲ ಎಂದರೆ ಅಪಾಯವಿಲ್ಲ’

ಅಂಥ ಬಣ್ಣದಲ್ಲಿ ಅಮೋನಿಯಾ ಬದಲು ಇನ್ನೊಂದು ಕ್ಷಾರ, ಹೆಚ್ಚಾಗಿ ಎಥನಾಲಮೀನ್, ಇರುತ್ತದೆ. ವಾಸನೆ ಕಡಿಮೆ, ಕೆಲಸ ಅದೇ. ಅಲರ್ಜಿ ತರುವ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಅಮೋನಿಯಾರಹಿತ ಡಬ್ಬಿಯಲ್ಲೂ ಇರಬಹುದು. 48 ಗಂಟೆ ಮುಂಚೆ ಕಿವಿಯ ಹಿಂದೆಯೋ ಮೊಣಕೈ ಒಳಬದಿಯಲ್ಲೋ ಹಚ್ಚಿ ನೋಡುವುದನ್ನು ಬಿಡಬೇಡಿ. 2014ರಲ್ಲಿ ಓಲಾಪ್ಲೆಕ್ಸ್ ಬಂದ ಮೇಲೆ ಜನಪ್ರಿಯವಾದ, ಕೂದಲಿನ ಮುರಿದ ಒಳಬಂಧಗಳನ್ನು ಕೂಡಿಸುತ್ತವೆ ಎನ್ನುವ ಬಾಂಡ್ ಬಿಲ್ಡರ್‌ಗಳ ಮೇಲೂ ಅತಿ ನಂಬಿಕೆ ಬೇಡ. ಬ್ಲೀಚಿನ ಹೊತ್ತಿನಲ್ಲಿ ಅವು ಪೆಟ್ಟು ಕಡಿಮೆ ಮಾಡಿಯಾವು. ಸೀಳಿದ ತುದಿಯನ್ನು ಯಾವುದೂ ಕೂಡಿಸಲಾರದು, ಕತ್ತರಿಯೇ ಗತಿ.

‘ಆರು ವಾರಕ್ಕೊಮ್ಮೆ ಹೋಗಲೇಬೇಕು’

ಅದು ಹೈಲೈಟ್ಸ್ ಹೇಗೆ ಮಾಡಿಸಿದಿರಿ ಎಂಬುದರ ಮೇಲಿದೆ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದಲೇ ಫಾಯಿಲ್ ಹಾಕಿಸಿದ್ದರೆ ಎರಡು ತಿಂಗಳಿಗೆ ಕಪ್ಪು ಗೆರೆ ಎದ್ದು ಕಾಣುತ್ತದೆ. ಬಾಲಯಾಜ್‌ನಲ್ಲಿ ಬುಡವನ್ನು ಕಪ್ಪಾಗಿಯೇ ಬಿಟ್ಟು, ಕೆಳಗೆ ಹೋದಂತೆ ತಿಳಿಯಾಗಿಸುವುದರಿಂದ ಗೆರೆಯೇ ಇರುವುದಿಲ್ಲ. ನಡುವೆ ಒಮ್ಮೆ ಟೋನರ್ ಕೊಟ್ಟರೆ ನಾಲ್ಕಾರು ತಿಂಗಳು ನಡೆಯುತ್ತದೆ. ಪದೇ ಪದೇ ಹೋಗಲು ಪುರುಸೊತ್ತಿಲ್ಲದವರು ಮೊದಲ ದಿನವೇ ಬಾಲಯಾಜ್ ಕೇಳುವುದು ಜಾಣತನ.

‘ಮೆಹಂದಿ ನೈಸರ್ಗಿಕ, ಅದರ ಮೇಲೆ ಏನು ಮಾಡಿದರೂ ತೊಂದರೆಯಿಲ್ಲ’

ಕರ್ನಾಟಕದ ಓದುಗರು ಗಮನವಿಟ್ಟು ಓದಬೇಕಾದದ್ದು ಇದನ್ನೇ. ಶುದ್ಧ ಮೆಹಂದಿಯ ಲಾಸೋನ್ ಎಂಬ ಕೆಂಬಣ್ಣ ಕೂದಲಿನ ಕೆರಾಟಿನ್ನಿಗೆ ಗಟ್ಟಿಯಾಗಿ ಅಂಟುತ್ತದೆ. ಅದರ ಮೇಲೆ ಬ್ಲೀಚ್ ಹಾಕಿದರೆ ಹಟಮಾರಿ ಕಿತ್ತಳೆ ಉಳಿಯುತ್ತದೆ. ಮೆಹಂದಿಯ ಜೊತೆ ನೀಲಿ ಗಿಡದ ಎಲೆಯ ಪುಡಿಯನ್ನೂ ಹಚ್ಚಿದ್ದರೆ ಹಸಿರಿಗೆ ತಿರುಗಬಹುದು. ‘ಕಪ್ಪು ಮೆಹಂದಿ’ ಎಂದು ಪೊಟ್ಟಣದಲ್ಲಿ ಸಿಗುವವುಗಳಲ್ಲಿ ಹಲವು ಪಿಪಿಡಿ ಬೆರೆಸಿದವು. ಲೋಹದ ಲವಣ ಬೆರೆತ ಬಣ್ಣವಾಗಿದ್ದರೆ ಪೆರಾಕ್ಸೈಡ್ ತಾಗಿದ ಕೂಡಲೇ ಕಾವು ಏರಿ ಕೂದಲು ಕರಗಿಹೋಗುವುದೂ ಉಂಟು.

ಭುಜ ದಾಟಿದ ಕೂದಲಿನ ತುದಿಗೆ ಮೂರು ವರ್ಷ ವಯಸ್ಸಾಗಿರಬಹುದು. ಹಾಗಾಗಿ ಪಾರ್ಲರಿನಲ್ಲಿ ‘ಮೊದಲು ಏನು ಹಚ್ಚಿದ್ದಿರಿ’ ಎಂದು ಕೇಳಿದಾಗ ಕಳೆದ ತಿಂಗಳದ್ದನ್ನಷ್ಟೇ ಹೇಳಬೇಡಿ. ಮದುವೆಗೆಂದು ಹಚ್ಚಿಸಿದ ಮೆಹಂದಿ, ಮನೆಯ ಡಬ್ಬಿಯ ಬಣ್ಣ, ಸ್ಟ್ರೇಟನಿಂಗ್, ಕೆರಾಟಿನ್, ಎಲ್ಲವನ್ನೂ ಹೇಳಿ. ಅವರು ಕೇಳದಿದ್ದರೆ ನೀವಾಗಿಯೇ ಹೇಳಿ, ಮೊದಲು ಕಾಣದ ಜಾಗದ ಒಂದೇ ಎಳೆಯ ಮೇಲೆ ಬ್ಲೀಚ್ ಪರೀಕ್ಷಿಸಿ ತೋರಿಸಿ ಎಂದು ಒತ್ತಾಯಿಸಿ. ಒಲ್ಲೆ ಎಂದರೆ ಎದ್ದು ಬನ್ನಿ.