ಬ್ಯಾರನ್ನು, ಬಾವಿ, ಮೆದೆ: ತಾಲ್ಲೂಕು ಠಾಣೆಯ ಬೆಂಕಿ ಮೇಷ್ಟ್ರುಗಳು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಆಸುಪಾಸಿನಲ್ಲಿ ಏಪ್ರಿಲ್ ತಿಂಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್ನುಗಳು ಖಾಲಿ ನಿಂತಿರುತ್ತವೆ. ಸಸಿ ಇನ್ನೂ ಮಡಿಯಲ್ಲಿರುತ್ತದೆ. ಸೊಪ್ಪು ಮುರಿದು ಬೇಯಿಸುವ ಗಡಿಬಿಡಿಯೆಲ್ಲ ಮಳೆ ಹಿಡಿದ ಮೇಲಿನದು. ಬೆಂಕಿಯ ಮಾತು ತೆಗೆಯಲು ಇದೆಂಥ ಹೊತ್ತು ಎಂದು ಅಲ್ಲಿನ ರೈತರೇ ಅಗ್ನಿಶಾಮಕ ಠಾಣೆಯವರನ್ನು ಕೇಳಿದರು. ಖಾಕಿಯ ತೋಳು ಮಡಚಿಕೊಂಡು ನಿಂತಿದ್ದ ಲೀಡಿಂಗ್ ಫೈರ್‌ಮ್ಯಾನ್ ನಕ್ಕರು. "ಒಲೆ ಹೊತ್ಸಿದ್ ಮೇಲೆ ನನ್ ಮಾತು ಯಾರ್ ಕೇಳ್ತೀರಿ ಗೌಡ್ರೆ? ಆಗ ನಿಮ್ ಕಣ್ಣೆಲ್ಲ ಥರ್ಮಾಮೀಟರ್ ಮೇಲಿರುತ್ತೆ. ಬನ್ನಿ ಒಳಕ್ಕೆ."

ಒಳಗೆ ಹೋದೆವು. ಮಸಿ ಹಿಡಿದ ಗೋಡೆ, ನೆಲದಿಂದ ಗೇಣೆತ್ತರದಲ್ಲಿ ತಗಡಿನ ಕೊಳವೆಗಳು, ತಲೆಯ ಮೇಲೆ ಸೂರಿನವರೆಗೂ ಅಡ್ಡಗಳು. ಅವರು ಟಾರ್ಚ್ ಬಿಟ್ಟದ್ದು ಕೊಳವೆಯ ಕೀಲುಗಳ ಮೇಲೆ. ಒಂದು ಕಡೆ ತುಕ್ಕು ತಿಂದು ಬೆರಳು ತೂರುವಷ್ಟು ಸಂದಿ. ಹೊರಗಿನ ಒಲೆಯಲ್ಲಿ ಸೌದೆ ಉರಿದು ಅದರ ಕಾವು ಈ ಕೊಳವೆಗಳಲ್ಲಿ ಕೋಣೆಯನ್ನು ಬಳಸಿ ಹೊಗೆಗೂಡಿನಿಂದ ಆಚೆ ಹೋಗಬೇಕು. ಸಂದಿಯಿದ್ದರೆ ಕಿಡಿ ಒಳಗೇ ಹಾರುತ್ತದೆ. ಸೊಪ್ಪು ಹದವಾಗಲು ಐದಾರು ದಿನ ಬೇಕು; ಕೊನೆಯ ಹಂತದಲ್ಲಿ ಒಳಗಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗುತ್ತದೆ. ಆಗ ಎಲೆ ಹಪ್ಪಳದ ಹಾಗೆ ಗರಿಗರಿ. ಕಡ್ಡಿಯಿಂದ ಒಂದೇ ಒಂದು ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು. ಅದಕ್ಕೇ ಕೆಳಗಿನ ಅಡ್ಡಕ್ಕೂ ಕೊಳವೆಗೂ ನಡುವೆ ತಂತಿಬಲೆ ಹಾಸಿ ಎಂದು ಅವರು ಹಟ ಹಿಡಿಯುವುದು.

"ಹೊಗೆ ವಾಸನೆ ಬೇರೆ ಥರ ಬಂತು. ಮೊದ್ಲು ಏನ್ ಮಾಡ್ತೀರಿ?"

"ಬಾಗ್ಲು ತೆಗ್ದು ನೋಡ್ತೀವಿ."

"ನೋಡಿದ್ರೆ ಬ್ಯಾರನ್ ಹೋಯ್ತು."

ಬಾಗಿಲು ತೆರೆದರೆ ಗಾಳಿ ನುಗ್ಗುತ್ತದೆ, ಮುಸುಕಾಡುತ್ತಿದ್ದದ್ದು ಭಗ್ಗೆಂದು ಏಳುತ್ತದೆ. ಒಲೆಯ ಬಾಯಿ ಮುಚ್ಚಿ, ಕೆಳಗಿನ ಗಾಳಿಕಂಡಿ ಮುಚ್ಚಿ, ಮೇಲಿನದನ್ನೂ ಮುಚ್ಚಿ, ಠಾಣೆಗೆ ಫೋನ್ ಮಾಡಿ, ಕೈಕಟ್ಟಿ ನಿಲ್ಲಿ ಎಂಬುದು ಅವರ ಪಾಠ. ಇಡೀ ವರ್ಷದ ದುಡಿಮೆ ಒಳಗಿರುವಾಗ ಕೈಕಟ್ಟಿ ನಿಲ್ಲುವುದನ್ನು ಕಲಿಸುವುದಿದೆಯಲ್ಲ, ಅದಕ್ಕಿಂತ ಕಷ್ಟದ ಪಾಠ ನನಗೆ ತಿಳಿದಿಲ್ಲ. ಅವರು ಅದನ್ನು ಮೂರು ಸಲ ಮೂರು ಬಗೆಯಲ್ಲಿ ಹೇಳಿದರು. ನಾಲ್ಕನೆಯ ಸಲ ರೈತರೊಬ್ಬರ ಬಾಯಿಂದಲೇ ಹೇಳಿಸಿದರು.

ಠಾಣೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಮೇಷ್ಟ್ರು ಎಂದೇ. ಠಾಣಾಧಿಕಾರಿ, ಸಹಾಯಕ ಠಾಣಾಧಿಕಾರಿ, ಲೀಡಿಂಗ್ ಫೈರ್‌ಮ್ಯಾನ್, ಚಾಲಕ, ಫೈರ್‌ಮ್ಯಾನ್: ತಾಲ್ಲೂಕು ಠಾಣೆಯ ಹಾಜರಿ ಪುಸ್ತಕದಲ್ಲಿ ಇಷ್ಟೇ. ಬೋಧಕ ಎಂಬ ಹುದ್ದೆ ಅಲ್ಲಿಲ್ಲ. ಹೊಸಬರಿಗೆ ವಿಧಿವತ್ತಾದ ತರಬೇತಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ, ಅದಕ್ಕೂ ಮೇಲೆ ಹೋಗಬೇಕೆಂದರೆ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. 1956ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಹುಟ್ಟಿ ಮರುವರ್ಷ ನಾಗಪುರಕ್ಕೆ ಬಂದ ಸಂಸ್ಥೆ ಅದು. ನಮ್ಮ ರಾಜ್ಯದ ದಳಕ್ಕೆ ಆಧಾರ 1964ರ ಕಾಯ್ದೆ. ಇವೆಲ್ಲ ಕಡತದಲ್ಲಿ ಸಿಗುವಂಥದ್ದೇ. ಅಕಾಡೆಮಿಯಿಂದ ಬಂದ ಹುಡುಗ ಅರಕಲಗೂಡಿನಲ್ಲೋ ಚನ್ನರಾಯಪಟ್ಟಣದಲ್ಲೋ ಗಾಡಿ ಇಳಿದ ಮೇಲೆ ಅವನನ್ನು ತಿದ್ದುವವರು ಯಾರು ಎಂಬುದು ಮಾತ್ರ ಯಾವ ಕಡತದಲ್ಲೂ ಸಿಗುವುದಿಲ್ಲ. ಬ್ಯಾರನ್ನಿನ ಪಾಠ ನಾಗಪುರದಿಂದ ಬಂದದ್ದಲ್ಲ. ಬ್ಯಾರನ್ನು ಸುಟ್ಟುಕೊಂಡವರ ಅಂಗಳದಲ್ಲಿ ನಿಂತು ಕಲಿತದ್ದು.

ಬ್ಯಾರನ್ನು ನೋಡಿದ ದಿನವೇ ಸಂಜೆ, ರಾಮನಾಥಪುರದ ಶಾಲೆಯ ಮೈದಾನದಲ್ಲಿ, ನನ್ನ ತಲೆಗೆ ಹುಳ ಬಿಟ್ಟದ್ದು ಒಂದು ಹಗ್ಗ.

ಈ ಭಾಗದ ಠಾಣೆಗಳಿಗೆ ಬರುವ ಕರೆಗಳೆಲ್ಲ ಬೆಂಕಿಯವಲ್ಲ. ಕಟ್ಟೆಯಿಲ್ಲದ ಬಾವಿಗೆ ಬಿದ್ದ ಹಸು, ಕೆರೆಯಲ್ಲಿ ಮುಳುಗಿದ ಹುಡುಗ, ಹೊಳೆನರಸೀಪುರದ ಕಡೆಯಾದರೆ ಹೇಮಾವತಿಗೆ ಈಜಲು ಇಳಿದವರು. ಹಸುವನ್ನು ಎತ್ತುವಾಗ ಬರೀ ಹಗ್ಗ ಹಾಕಿದರೆ ಹೊಟ್ಟೆ ಕೊಯ್ಯುತ್ತದೆ ಎಂದು ಸೋರುವ ಹಳೆಯ ಡೆಲಿವರಿ ಹೋಸನ್ನೇ ಅಗಲವಾಗಿ ಬಳಸುತ್ತಾರೆ; ಕ್ಯಾನ್ವಾಸ್ ಚಪ್ಪಟೆಯಾಗಿ ಕೂರುತ್ತದೆ. ಬಾವಿಯೊಳಗೆ ಇಳಿಯುವ ಮನುಷ್ಯನಿಗೆ ಹಾಕುವ ಗಂಟು ಬೇರೆ. ಅದು ಎಳೆದಷ್ಟೂ ಬಿಗಿಯುವ ಜೀರುಗುಣಿಕೆ ಆಗಕೂಡದು, ಬಿಚ್ಚಿಯೂ ಹೋಗಕೂಡದು. ಇಲಾಖೆಯವರು ಅದನ್ನು ಬೋಲೈನ್ ಎನ್ನುತ್ತಾರೆ.

ಹಗ್ಗದಲ್ಲಿ ಒಂದು ಸಣ್ಣ ಕಣ್ಣು ಮಾಡಿ, ತುದಿಯನ್ನು ಕೆಳಗಿನಿಂದ ಅದರೊಳಗೆ ತೂರಿಸಿ, ಮೇಲಿನ ಹಗ್ಗದ ಹಿಂದೆ ಬಳಸಿ, ಮತ್ತೆ ಅದೇ ಕಣ್ಣಿನೊಳಕ್ಕೆ ಇಳಿಸಬೇಕು. ನೋಡುವಾಗ ಏನೂ ಅಲ್ಲ. ಮಾಡಲು ಹೋದರೆ ಹತ್ತು ಹುಡುಗರಲ್ಲಿ ಎಂಟು ಹುಡುಗರ ಗಂಟು ಕೈಯಲ್ಲೇ ಬಿಚ್ಚಿಹೋಯಿತು. ಪ್ರಪಂಚದ ಎಲ್ಲ ಕಡೆ ಇದನ್ನು ಕಲಿಸಲು ಒಂದು ಕಥೆಯಿದೆ: ಮೊಲ ಬಿಲದಿಂದ ಬಂತು, ಮರ ಸುತ್ತಿತು, ಮತ್ತೆ ಬಿಲ ಹೊಕ್ಕಿತು. ಅರಕಲಗೂಡಿನ ಮೇಷ್ಟ್ರು ಹೇಳಿದ್ದು ಕೇರೆಹಾವಿನ ಕಥೆ. ಕೇರೆ ಬಿಲದಿಂದ ತಲೆ ಹಾಕಿತು, ಹೊಂಗೆಮರದ ಬುಡ ಬಳಸಿತು, ನಿಮ್ಮನ್ನು ನೋಡಿ ಹೆದರಿ ಬಿಲಕ್ಕೆ ಹೋಯಿತು. ಹುಡುಗರು ಹೋ ಎಂದರು. ಗಂಟು ಬಂತು.

ಅಲ್ಲಿಂದ ಮುಂದೆ ನಾನು ಯಾವ ಠಾಣೆಗೆ ಹೋದರೂ ಮೊದಲು ಕೇಳಿದ್ದು ನಿಮ್ಮಲ್ಲಿ ಬಿಲದಿಂದ ಬರುವುದು ಯಾವ ಪ್ರಾಣಿ ಎಂದು. ಹೊಳೆನರಸೀಪುರದಲ್ಲಿ ಒಬ್ಬರು ಏಡಿ ಎಂದರು. ಗದ್ದೆಬದುವಿನ ಬಿಲದಿಂದ ಬಂದು ಕೆಸರು ಕಡ್ಡಿ ಸುತ್ತಿ ಒಳಗೆ ಹೋಗುತ್ತದಂತೆ. ಏಡಿ ಅಡ್ಡಡ್ಡ ನಡೆಯುತ್ತದಲ್ಲ, ಕಡ್ಡಿ ಹೇಗೆ ಸುತ್ತುತ್ತದೆ ಎಂದು ನಾನು ತಕರಾರು ತೆಗೆದೆ. "ಅದಕ್ಕೇ ಸಾರ್ ಹುಡುಗರಿಗೆ ನೆನಪಿರೋದು" ಎಂದರು. ಚನ್ನರಾಯಪಟ್ಟಣದಲ್ಲಿ ಅಳಿಲು. ತೆಂಗಿನ ನಾಡಲ್ಲವೇ! ಆದರೆ ಅಳಿಲಿಗೆ ಬಿಲವೆಲ್ಲಿದೆ? ಪೊಟರೆ ಎಂದು ತಿದ್ದಿದರು. ಪೊಟರೆ ಇರುವುದೇ ಮರದಲ್ಲಿ. ಅದು ಹೊರಬಂದು ಮತ್ತೊಂದು ಮರ ಸುತ್ತಬೇಕಾಯಿತು. ನನಗೆ ಈಗಲೂ ಆ ಅಳಿಲಿನ ದಾರಿ ಪೂರ್ತಿ ಒಪ್ಪಿಗೆಯಾಗಿಲ್ಲ. ಹಾಸನದ ಹಿರಿಯ ಅಧಿಕಾರಿಯೊಬ್ಬರು ನನ್ನ ಪ್ರಶ್ನೆಯನ್ನೇ ಪಕ್ಕಕ್ಕೆ ಸರಿಸಿದರು: "ಕೈ ನೋಡ್ದೇನೇ ಗಂಟು ಹಾಕೋದು ಕಲೀಲಿ ಸಾರ್. ರಾತ್ರಿ ಬಾವಿ ಕಟ್ಟೆ ಮೇಲೆ ಕಥೆ ನೆನಪಾಗಲ್ಲ." ಹೇಳಿ, ಕೈ ಬೆನ್ನ ಹಿಂದೆ ಇಟ್ಟುಕೊಂಡು ಹಾಕಿ ತೋರಿಸಿದರು. ಮೂರ್ನಾಲ್ಕು ಸೆಕೆಂಡು ಹಿಡಿದಿರಬಹುದು.

ರಾಮನಾಥಪುರದ ಮೈದಾನದಲ್ಲಿ ಇನ್ನೊಂದು ನಡೆಯಿತು. ಜಗಲಿಯ ಮೇಲೆ ಕೂತು ನೋಡುತ್ತಿದ್ದ ಯಜಮಾನರೊಬ್ಬರು ಎದ್ದು ಬಂದು ಹಗ್ಗ ಇಸಕೊಂಡರು. ಕಣ್ಣು, ಬಳಸು, ಇಳಿಸು, ಬೋಲೈನ್ ಸಿದ್ಧ. "ಇದು ಕರ ಕಟ್ಟೋ ಗಂಟು ಕಣಪ್ಪ. ಕೊರಳಿಗೆ ಬಿಗೀಬಾರ್ದು, ಬಿಚ್ಕಂಡೂ ಹೋಗ್ಬಾರ್ದು." ಮೇಷ್ಟ್ರು ಟೋಪಿ ತೆಗೆದು, "ಅಪ್ಪಾಜಿ, ಇನ್ನು ನೀವೇ ಹೇಳ್ಕೊಡಿ" ಎಂದು ಪಕ್ಕಕ್ಕೆ ಸರಿದು ನಿಂತರು. ಬೋಧಕನೆಂದರೆ ಇಂಥವನು ಎಂದು ನಾನು ತೀರ್ಮಾನಿಸಿದ್ದು ಆ ಗಳಿಗೆಯಲ್ಲಿ.

ಠಾಣೆಯವರು ಊರೂರಿಗೆ ಬರುವ ಅಗ್ನಿಶಾಮಕ ಸೇವಾ ಸಪ್ತಾಹಕ್ಕೆ ಏಪ್ರಿಲ್ 14 ಯಾಕೆ ಎಂಬುದು ಕರಪತ್ರದಲ್ಲಿ ಒಂದು ಸಾಲಾಗಿ ಅಚ್ಚಾಗಿರುತ್ತದೆ: ಮುಂಬಯಿ ಬಂದರಿನ ದುರಂತ. 1944ರ ಆ ದಿನ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕದ ಜೊತೆಗೆ ಕರಾಚಿಯಲ್ಲಿ ತುಂಬಿದ ಹತ್ತಿ ಬೇಲುಗಳೂ ಇದ್ದವು, ಚಿನ್ನದ ಗಟ್ಟಿಗಳೂ ಇದ್ದವು. ಮಧ್ಯಾಹ್ನ ಹತ್ತಿಯಿಂದ ಹೊಗೆ ಎದ್ದಿತು. 900 ಟನ್ನಿಗೂ ಹೆಚ್ಚು ನೀರು ಸುರಿದರೂ ಬೆಂಕಿಯ ಬುಡ ಸಿಗಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. 66 ಅಗ್ನಿಶಾಮಕರು ಜೀವ ಕಳೆದುಕೊಂಡರು. ಭಾಷಣಗಳಲ್ಲಿ ಚಿನ್ನದ ಗಟ್ಟಿ ಮನೆಯ ಸೂರು ತೂತು ಮಾಡಿ ಬಿದ್ದದ್ದೇ ದೊಡ್ಡ ಸುದ್ದಿಯಾಗಿಬಿಡುತ್ತದೆ. ಚನ್ನರಾಯಪಟ್ಟಣದಲ್ಲಿ ನಾನು ಕಂಡ ಅಳಿಲಿನ ಮೇಷ್ಟ್ರು ಚಿನ್ನದ ಗೊಡವೆಗೇ ಹೋಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹತ್ತಿ.

"ಒತ್ತಿ ಕಟ್ಟಿದ ಹತ್ತಿ ಒಳಗೊಳಗೇ ಬೇಯುತ್ತೆ. ಮೇಲೆ ಎಷ್ಟು ನೀರ್ ಹೊಡುದ್ರೂ ಜಾರಿ ಹೋಗುತ್ತೆ. ನಮ್ಮೂರ ತೆಂಗಿನ ಮಟ್ಟೆ ರಾಶೀನೂ ಅಷ್ಟೇ ತಾನೆ?"

ಚನ್ನರಾಯಪಟ್ಟಣ ಸೀಮೆಯಲ್ಲಿ ತೋಟಗಳ ಮೂಲೆಯಲ್ಲಿ ಮಟ್ಟೆಯ ಗುಡ್ಡಗಳಿರುತ್ತವೆ. ಮನೆಗಳ ಅಟ್ಟದಲ್ಲಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾಯುವ ಕಾಯಿ. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಅಟ್ಟಕ್ಕೆ ಕಿಚ್ಚು ಬಿದ್ದರೆ ಉರಿಯುವ ಎಣ್ಣೆ ಸಂದಿಗಳಿಂದ ತೊಟ್ಟಿಕ್ಕುತ್ತದೆ. ಅಲ್ಲಿ ನೀರಿನ ನೇರ ಧಾರೆ ಬಿಟ್ಟರೆ ಉರಿಯುವ ಕಾಯಿ ಸಿಡಿದು ಪಕ್ಕದ ಕೋಣೆಗೆ ಹೋಗುತ್ತದೆ. ಹೋಸಿನ ತುದಿಯ ಬ್ರಾಂಚಿನ ಮೂತಿ ತಿರುಗಿಸಿ ತುಂತುರು ಮಾಡಿ, ಸೂರು ತಣ್ಣಗೆ ಮಾಡುತ್ತ ಹೋಗಬೇಕು. ಮಟ್ಟೆಯ ರಾಶಿಗಾದರೆ ಜೆಸಿಬಿ ತರಿಸಿ ಕೆದಕಿಸುವುದೇ ಮದ್ದು. ಆರಿತು ಎಂದು ಹೊರಟ ಗಾಡಿ ಮರುದಿನ ಅದೇ ತೋಟಕ್ಕೆ ವಾಪಸು ಬರುವುದೂ ಉಂಟು. ಎಂಬತ್ತು ವರ್ಷದ ಹಿಂದಿನ ಹಡಗನ್ನು ತೆಂಗಿನ ತೋಟಕ್ಕೆ ತಂದು ನಿಲ್ಲಿಸಿದ ಈ ಪಾಠದ ಮುಂದೆ ಸಪ್ತಾಹದ ಭಾಷಣಗಳೆಲ್ಲ ಸಪ್ಪೆ.

ನನಗೆ ಹಿಡಿಸದ ಪಾಠವೂ ಒಂದುಂಟು. ಊರೂರಿನ ಪ್ರದರ್ಶನದಲ್ಲಿ 14.2 ಕೆ.ಜಿ. ಸಿಲಿಂಡರಿನ ಬಾಯಿಗೆ ಬೆಂಕಿ ಹಚ್ಚಿ, ಬರಿ ಹೆಬ್ಬೆರಳು ಒತ್ತಿ ಆರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಬಾಯಲ್ಲಿ ಉರಿಯುವ ಸಿಲಿಂಡರು ತಕ್ಷಣ ಸಿಡಿಯುವುದಿಲ್ಲ, ಗಾಬರಿ ಬೇಡ ಎಂದು ತೋರಿಸುವುದು ಉದ್ದೇಶ. ಸರಿಯೇ. ಆದರೆ ಮನೆಗೆ ಹೋದ ಮೇಲೆ ನೆನಪಿರುವುದು ಹೆಬ್ಬೆರಳೋ, ನಿಜಕ್ಕೂ ಬಳಸಬೇಕಾದ ಒದ್ದೆ ಗೋಣಿಚೀಲವೋ? ರಾಮನಾಥಪುರದಲ್ಲಿ ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರು ಕೇಳಿಯೇಬಿಟ್ಟರು: "ಅಣ್ಣ, ನೀವು ಬೆರಳಲ್ಲಿ ಆರ್ಸಿದ್ರಿ, ನಾನು ಆರ್ಸ್ಲಾ?" ಮೇಷ್ಟ್ರು ಬೇಡ ತಾಯಿ ಎಂದು ಗೋಣಿಚೀಲವನ್ನು ಅವರ ಕೈಗೇ ಕೊಟ್ಟು, ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ, ಚೀಲವನ್ನು ಮುಖಕ್ಕೆ ಅಡ್ಡ ಹಿಡಿಸಿ, ಮುಚ್ಚಿಸಿ, ರೆಗ್ಯುಲೇಟರ್ ತಿರುಗಿಸಿದರು. ಆ ಅಕ್ಕನ ಕೈ ನಡುಗುತ್ತಿತ್ತು, ಬೆಂಕಿ ಆರಿತು. ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ, ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆಯಿರಿ ಎಂಬುದನ್ನು ಅದಾದ ಮೇಲೆ ಹೇಳಿದರು. ಬ್ಯಾರನ್ನಿನ ಬಾಗಿಲು ಮುಚ್ಚಿ, ಅಡುಗೆಮನೆಯ ಬಾಗಿಲು ತೆಗೆಯಿರಿ: ಒಂದೇ ದಿನ ಒಂದೇ ಊರಿಗೆ ಎರಡೂ ಹೇಳಬೇಕಾದವರ ಪಾಡು ಬೇಡ.

ಜಿಲ್ಲಾ ಕೇಂದ್ರದ ಚಿಂತೆ ಬೇರೆ ತೂಕದ್ದು. ಮಂಗಳೂರಿನಿಂದ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್ ಹೊತ್ತ ಕೊಳವೆ ಹಾಸನದ ಮೇಲೆ ಹಾಯುತ್ತದೆ. ಅಲ್ಲಿ ನೀರಿನ ಪಾಠ ನಡೆಯದು, ನೊರೆಯ ಪಾಠ ಬೇಕು. ಶ್ರವಣಬೆಳಗೊಳದಲ್ಲಿ 2018ರಂಥ ಮಹಾಮಸ್ತಕಾಭಿಷೇಕ ಬಂದರೆ ಆರುನೂರಕ್ಕೂ ಹೆಚ್ಚು ಮೆಟ್ಟಿಲಿನ ವಿಂಧ್ಯಗಿರಿಗೆ ಯಾವ ಗಾಡಿಯೂ ಹತ್ತುವುದಿಲ್ಲ. ಕುಸಿದವರನ್ನು ಹೆಗಲ ಮೇಲೆ ಇಳಿಸುವುದನ್ನು ಕಲಿತಿರಬೇಕು. ಬೆಂಗಳೂರಿನಲ್ಲಿ 1981ರ ವೀನಸ್ ಸರ್ಕಸ್ ಡೇರೆ 92 ಜನರನ್ನು, 2010ರ ಕಾರ್ಲ್‌ಟನ್ ಟವರ್ಸ್ 9 ಜನರನ್ನು ತೆಗೆದುಕೊಂಡಿತು. ಕಲ್ಯಾಣಮಂಟಪದ ಮಾಲೀಕರಿಗೆ ಹಿಂಬಾಗಿಲ ಬೀಗ ತೆಗೆಸುವಾಗ ಈ ಎರಡು ಹೆಸರು ಇನ್ನೂ ಕೆಲಸಕ್ಕೆ ಬರುತ್ತವಂತೆ.

ಇಂಥ ಮೇಷ್ಟ್ರುಗಳು ಒಟ್ಟಿಗೆ ಸೇರುವುದೆಲ್ಲಿ? ಬೆಂಕಿ ನಂದಿಸುವುದನ್ನು ಕಲಿಸುವವರದ್ದೇ ಸಂಘ ಅಮೆರಿಕದಲ್ಲಿ 1960ರಿಂದ ಇದೆ; ಅಲ್ಲಿನ ರಾಜ್ಯಗಳಲ್ಲೂ ಪ್ರಾದೇಶಿಕ ಸಂಘಗಳಿವೆ. ಬೋಧಕರು ಸೇರುತ್ತಾರೆ, ಒಬ್ಬರ ಪಾಠಕ್ಕೆ ಇನ್ನೊಬ್ಬರು ಕೂರುತ್ತಾರೆ, ಜಗಳವಾಡುತ್ತಾರೆ. ನಮ್ಮ ಕಡೆ ಇನ್ನೊಂದು ಸಂಘವೇ ಎಂದು ಮೂಗು ಮುರಿಯುವವರ ಪೈಕಿ ನಾನೂ ಒಬ್ಬ. ಸಂಘವೆಂದರೆ ಶಾಲು, ಹಾರ, ರಾಜ್ಯೋತ್ಸವದ ಬ್ಯಾನರ್. ಆದರೂ ಈ ನಾಲ್ಕು ಊರುಗಳನ್ನು ಸುತ್ತಿದ ಮೇಲೆ ಒಂದು ಸಂಗತಿ ಕೊರೆಯುತ್ತಿದೆ.

ಹುಲ್ಲಿನ ಮೆದೆಗೆ ಬೆಂಕಿ ಬಿದ್ದಾಗ ಮೊದಲು ಏನು ಮಾಡಬೇಕು? ಬೇಸಿಗೆಯಲ್ಲಿ ಠಾಣೆಗಳಿಗೆ ಇದೇ ದೊಡ್ಡ ಕೆಲಸ. ಗಾಡಿಯಲ್ಲಿರುವುದು ಸಾಮಾನ್ಯವಾಗಿ 4,500 ಲೀಟರ್ ಆಸುಪಾಸಿನ ನೀರು, ಎರಡು ಬ್ರಾಂಚ್ ಪೂರ್ತಿ ಬಿಟ್ಟರೆ ನಿಮಿಷಗಳ ಮಾತು. ಅರಕಲಗೂಡಿನ ಮೇಷ್ಟ್ರು ಕಲಿಸುವುದು ಹೀಗೆ: ಉರಿಯುವ ಮೆದೆಗೆ ಕೈ ಹಾಕಿ, ಕೊಕ್ಕೆಯಲ್ಲಿ ಎಳೆದು ಬೀಳಿಸಿ, ಹರಡಿ, ಆಮೇಲೆ ನೀರು, ಇಲ್ಲದಿದ್ದರೆ ಮೇಲೆ ನೆನೆದು ಒಳಗೆ ಉರಿಯುತ್ತದೆ. ಹೊಳೆನರಸೀಪುರದವರು ಕಲಿಸುವುದು ತದ್ವಿರುದ್ಧ. ಹೊತ್ತಿದ ಮೆದೆ ಹೋಯಿತೆಂದೇ ಲೆಕ್ಕ, ಮೊದಲ ನೀರೆಲ್ಲ ಪಕ್ಕದ ಮೆದೆಗೆ, ಕೊಟ್ಟಿಗೆಯ ಸೂರಿಗೆ. ಎಳೆದು ಹರಡಿದರೆ ಕಿಡಿ ಹಾರಿ ಇಡೀ ಕಣವೇ ಹೊತ್ತುತ್ತದೆ. ಇಬ್ಬರ ಕೈಕೆಳಗೂ ಕಲಿತ ಹುಡುಗರು ವರ್ಗವಾಗಿ ಬಂದು ಒಂದೇ ಗಾಡಿಯಲ್ಲಿ ಕೂರುತ್ತಾರೆ.

ಅರಕಲಗೂಡಿನವರ ವಾದವನ್ನು ಹೊಳೆನರಸೀಪುರದಲ್ಲಿ ಹೇಳಿದೆ. ಅವರು ಹೋಸ್ ಸುತ್ತುತ್ತಿದ್ದವರು ಕೈ ನಿಲ್ಲಿಸಿ ಸ್ವಲ್ಪ ಯೋಚಿಸಿದರು.

"ಅವರ ಕಡೆ ಮೆದೆ ಒಂಟಿಯಾಗಿ ಹೊಲದಲ್ಲಿರ್ತವೇನೋ. ನಮ್ಮಲ್ಲಿ ಮನೆ ಹಿತ್ತಲಲ್ಲಿ ನಾಕೈದು ಒಟ್ಟಿಗೇ ಒಟ್ಟಿರ್ತಾರೆ. ಅವರನ್ನ ಒಂದ್ಸಲ ಇಲ್ಲಿಗೆ ಬರಕ್ಕೆ ಹೇಳಿ ಸಾರ್. ನಮ್ ಹಿತ್ಲು ನೋಡ್ಲಿ, ಆಮೇಲೆ ಮಾತಾಡಣ."