ಹೊಲದಲ್ಲಿ ಮನೆ ಕಟ್ಟುವ ಮೊದಲು ಉತಾರ ತೆಗೆದು ನೋಡಿರಿ

ಕಬ್ಬಿನ ಬಿಲ್ಲು ಕೈಗೆ ಬಂದು, ಮಳೆಗಾಲಕ್ಕೆ ಇನ್ನೂ ಮೂರು-ನಾಲ್ಕು ತಿಂಗಳು ಇರುವಾಗ ಕೃಷ್ಣಾ, ಘಟಪ್ರಭಾ ದಂಡೆಯ ತೋಟಗಳಲ್ಲಿ ಇಟ್ಟಿಗೆ, ಉಸುಕು ಬಂದು ಬೀಳತೊಡಗುತ್ತವೆ. ಊರೊಳಗಿನ ಮನೆ ಸಾಲದಾಗಿದೆ, ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ದನ ಕಟ್ಟಲು ಜಾಗವಿಲ್ಲ, ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ತೋಟದಲ್ಲಿಯೇ ಇರಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ತುಂಬ ತೋಟದ ವಸ್ತಿಗಳು ಬೆಳೆದದ್ದು ಹೀಗೆಯೇ. ಗೌಂಡಿ ಸಿಕ್ಕ, ಒಳ್ಳೆಯ ದಿನ ನೋಡಿದ್ದಾಯಿತು, ಪಾಯ ತೋಡಿದ್ದಾಯಿತು. ಕಾಗದದ ಮಾತು ಮಾತ್ರ ಎಲ್ಲಕ್ಕೂ ಕೊನೆಗೆ ಬರುತ್ತದೆ. ಅದು ಮೊದಲು ಬರಬೇಕು.

“ನನ್ನ ಹೊಲ, ನನ್ನ ರೊಕ್ಕ, ಮನೆ ಕಟ್ಟಲು ಯಾರನ್ನು ಕೇಳಬೇಕು?” ಎಂದು ನೀವು ಕೇಳಬಹುದು. ಕಾನೂನು ಅರ್ಧ ನಿಮ್ಮ ಕಡೆಗೇ ಇದೆ. ಇನ್ನರ್ಧವನ್ನು ತಿಳಿಯದೆ ಕಟ್ಟಿದವರು ಮುಂದೆ ಕಷ್ಟಕ್ಕೆ ಸಿಕ್ಕುತ್ತಾರೆ. ಆದ್ದರಿಂದ ಎರಡೂ ಭಾಗಗಳನ್ನು ನೋಡೋಣ.

ಕೇಳದೆ ಕಟ್ಟಬಹುದಾದದ್ದು

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೆಯ ಕಲಮನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ಬೇಸಾಯದ ಜಮೀನಿನ ಒಡೆಯನು ಆ ಜಮೀನಿನ ಉತ್ತಮ ಸಾಗುವಳಿಗಾಗಿ ಅಲ್ಲಿ ಬಾವಿ ತೋಡಬಹುದು, ಕೆರೆ ಕಟ್ಟಬಹುದು, ಬೇಸಾಯಕ್ಕೆ ಬೇಕಾದ ಕಟ್ಟಡಗಳನ್ನು ಕಟ್ಟಬಹುದು ಎಂದು ಅದರ ಮೊದಲ ಉಪಕಲಮು ಹೇಳುತ್ತದೆ. ಇದಕ್ಕೆ ಎನ್.ಎ. ಬೇಕಿಲ್ಲ, ಅಂದರೆ ಜಮೀನನ್ನು ಕೃಷಿಯೇತರ ಎಂದು ಬದಲಾಯಿಸಬೇಕಾಗಿಲ್ಲ. ನಮ್ಮ ಭಾಗದಲ್ಲಿ ಮೊದಲು ನಡೆಯುತ್ತಿದ್ದ ಮುಂಬಯಿಯ 1879ರ ಭೂಕಂದಾಯ ಸಂಹಿತೆಯ 65ನೆಯ ಕಲಮಿನಲ್ಲಿಯೂ ಇದೇ ಮಾತು ಇತ್ತು. ಹೊಲದಲ್ಲಿ ರೈತ ಇರಲು ಒಂದು ಸೂರು ಬೇಕೆಂಬುದನ್ನು ಸರ್ಕಾರ ನೂರು ವರ್ಷಗಳಿಗೂ ಹಿಂದೆಯೇ ಒಪ್ಪಿದೆ.

ಆದರೆ ಈ ಹಕ್ಕಿಗೆ ಮಿತಿ ಉಂಟು. ತೋಟದ ಮನೆ ನಿಮ್ಮ ಹಿಡುವಳಿಯ ನೂರಕ್ಕೆ 10 ಭಾಗವನ್ನು ಮೀರಬಾರದು. ನಿಮಗೆ 4 ಎಕರೆ ಇದ್ದರೆ 16 ಗುಂಟೆ, 2 ಎಕರೆ ಇದ್ದರೆ 8 ಗುಂಟೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಸಂಸಾರಕ್ಕೆ, ದನಕ್ಕೆ, ಹೊಟ್ಟು-ಕಣಕಿಗೆ ಇದು ಧಾರಾಳ. ಮನೆ ನಿಮ್ಮ ಸ್ವಂತ ಉಪಯೋಗಕ್ಕೇ ಇರಬೇಕು. ವ್ಯಾಪಾರಕ್ಕಾಗಿ ಬಾಡಿಗೆ ಕೊಡಕೂಡದು.

ಎನ್.ಎ. ಬೇಕಾದದ್ದು

ಬೇಸಾಯವನ್ನು ಬಿಟ್ಟು ಬೇರೆ ಉದ್ದೇಶ ಬಂದ ಕೂಡಲೇ ದಾರಿ ಬೇರೆಯಾಗುತ್ತದೆ. ರಸ್ತೆ ಬದಿಯ ಅಂಗಡಿ, ಬಾಡಿಗೆಯ ಗೋದಾಮು, ಮಂಗಲ ಕಾರ್ಯಾಲಯ, ಇಟ್ಟಿಗೆ ಭಟ್ಟಿ, ಮಾರಾಟದ ಪ್ಲಾಟು ಇವೆಲ್ಲ ಕೃಷಿಯೇತರ. ರಬಕವಿ-ಬನಹಟ್ಟಿ ಕಡೆ ಹೊಲವೂ ಮಗ್ಗವೂ ಇರುವ ಮನೆತನಗಳು ಉಂಟು. ಊರಲ್ಲಿ ಜಾಗ ಸಾಲದೆ ಹೊಲದಲ್ಲಿ ಷೆಡ್ಡು ಹಾಕಿ ನಾಲ್ಕು ಪವರ್‌ಲೂಮ್ ಕೂಡಿಸಿದರೆ ಅದು ದನದ ಷೆಡ್ಡಿನಂತಲ್ಲ, ಅದೂ ಕೃಷಿಯೇತರ. ಹೈನು ಮತ್ತು ಕೋಳಿ ಸಾಕಣೆಯ ಮಾತು ಬೇರೆ. ಭೂಸುಧಾರಣಾ ಕಾಯ್ದೆ 1961 ‘ಕೃಷಿ’ ಎಂಬ ಶಬ್ದಕ್ಕೆ ಕೊಟ್ಟ ಅರ್ಥದಲ್ಲಿಯೇ ಅವೆರಡನ್ನೂ ಸೇರಿಸಿದೆ.

ಎನ್.ಎ. ಅನುಮತಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಯದು. ಬಾಗಲಕೋಟೆ ಜಿಲ್ಲೆ 1997ರಲ್ಲಿ ಬಿಜಾಪುರದಿಂದ ಬೇರೆಯಾದ ಮೇಲೆ ನಮಗೆ ಆ ಕಚೇರಿ ಬಾಗಲಕೋಟೆಯಲ್ಲಿಯೇ ಇದೆ. ಅರ್ಜಿಯನ್ನು ಈಗ ಕಂದಾಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರಮಾಣಪತ್ರದೊಂದಿಗೆ ಕೊಡಬೇಕು. ಆ ಪ್ರಮಾಣಪತ್ರದಲ್ಲಿ ಬರೆದದ್ದಕ್ಕೆ ನೀವೇ ಹೊಣೆ, ಬರೆದುಕೊಟ್ಟ ಏಜೆಂಟನಲ್ಲ. ಪೂರ್ತಿ ಓದಿಸಿ ಕೇಳಿದ ಹೊರತು ಸಹಿ ಮಾಡಬೇಡಿರಿ. ಸರ್ವೆ ನಂಬರಿನ ಒಂದು ಭಾಗಕ್ಕಷ್ಟೇ ಎನ್.ಎ. ಬೇಕಿದ್ದರೆ ಮೊದಲು ಭೂಮಾಪನ ಇಲಾಖೆಯಿಂದ ಅಳತೆ ಮಾಡಿಸಿ ನಕ್ಷೆ ಪಡೆಯಿರಿ. ಬದಲಾವಣೆಯಿಂದ ಸಾರ್ವಜನಿಕರಿಗೆ ಉಪದ್ರವವಾದರೆ ಅಥವಾ ಬೇರೊಂದು ಕಾನೂನಿಗೆ ಅಡ್ಡಿಯಾದರೆ ಅನುಮತಿ ನಿರಾಕರಿಸಬಹುದು.

ಕೇಳದೆಯೇ ಕಟ್ಟಿದರೆ ಏನಾದೀತು? 96ನೆಯ ಕಲಮಿನಂತೆ ದಂಡ ಹಾಕಬಹುದು, ಆ ಜಮೀನಿನಿಂದ ಹೊರಹಾಕಲೂಬಹುದು. ಅದಕ್ಕಿಂತ ಹೆಚ್ಚಾಗಿ, ಹತ್ತು ಲಕ್ಷ ಹಾಕಿ ಕಟ್ಟಿದ ಷೆಡ್ಡನ್ನು ತೋರಿಸಿ ಸಾಲ ಕೇಳಿದಾಗ ಬ್ಯಾಂಕಿನವರು ಎನ್.ಎ. ಆದೇಶವನ್ನು ಕೇಳುತ್ತಾರೆ.

ಮೊದಲು ಉತಾರ

ಮನೆಯಾಗಲಿ ಷೆಡ್ಡಾಗಲಿ, ಕಟ್ಟುವ ಮೊದಲು ಹೊಸ ಉತಾರ ತೆಗೆಯಿರಿ. ಅದರಲ್ಲಿ ಮೂರು ಸಂಗತಿಗಳನ್ನು ನೋಡಿರಿ.

ಮೊದಲನೆಯದು, ಹೆಸರು ಯಾರದು? ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉತಾರ ನಡೆದಿರುವ ಮನೆತನಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ವಾರಸಾ ದಾಖಲಾಗದೆ ಯಾವ ಅರ್ಜಿಯೂ ಮುಂದೆ ಸಾಗದು. ಎರಡನೆಯದು, ಎಷ್ಟು ಜನರ ಹೆಸರಿದೆ? ಮೂವರು ಅಣ್ಣತಮ್ಮಂದಿರ ಜಂಟಿ ಉತಾರ ಇರುವಾಗ ಒಬ್ಬನು ತನ್ನ ರೊಕ್ಕದಿಂದ ಮನೆ ಕಟ್ಟಿದರೆ, ನಾಳೆ ವಾಟ್ನಿಯಾದಾಗ ಆ ಮನೆ ನಿಂತ ನೆಲ ಬೇರೊಬ್ಬನ ಪಾಲಿಗೆ ಬಂದೀತು. ಬಾಯಿಮಾತಿನ ವಾಟ್ನಿಯನ್ನು ನಂಬಿ ಕಟ್ಟಬೇಡಿರಿ. ವಾಟ್ನಿ ನೋಂದಾಯಿಸಿ, ಪೋಡಿ ಮಾಡಿಸಿ, ಬಾಂದು ನಿಲ್ಲಿಸಿಕೊಂಡು ಆಮೇಲೆ ಪಾಯ ಹಾಕಿರಿ. ಮೂರನೆಯದು, ಜಮೀನು ಬಂದದ್ದು ಹೇಗೆ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವುದನ್ನು 1978ರ ಕಾಯ್ದೆ ತಡೆಯುತ್ತದೆ. ಅಂಥ ಜಮೀನು ಕೊಂಡು ಮೇಲೆ ಮನೆ ಕಟ್ಟಿದರೆ ಎರಡೂ ಹೋದಾವು. ಗಾಯರಾಣದಲ್ಲಿ ಕಟ್ಟಿದ ಮನೆಗೂ 95ನೆಯ ಕಲಮಿನ ಆಸರೆ ಇಲ್ಲ.

ಪಂಚಾಯತಿಯ ಕಾಗದ

95ನೆಯ ಕಲಮು ಕೊಟ್ಟ ಹಕ್ಕು ಕಟ್ಟಡಗಳ ಕುರಿತ ಇತರ ಕಾನೂನುಗಳಿಗೆ ಒಳಪಟ್ಟದ್ದು ಎಂದು ಅದೇ ಕಲಮು ಹೇಳುತ್ತದೆ. ಪಂಚಾಯತ್ ರಾಜ್ ಕಾಯ್ದೆ 1993ರ 64ನೆಯ ಕಲಮಿನ ಪ್ರಕಾರ ಗ್ರಾಮ ಪಂಚಾಯತಿಯ ಹದ್ದಿನಲ್ಲಿ ಮನೆ ಕಟ್ಟಲು, ಇದ್ದ ಮನೆಯನ್ನು ಬೆಳೆಸಲು ಪಂಚಾಯತಿಯ ಲಿಖಿತ ಅನುಮತಿ ಬೇಕು. ಆದಕಾರಣ ಎನ್.ಎ. ಬೇಡವಾದ ತೋಟದ ಮನೆಗೂ ಒಂದು ಅರ್ಜಿ, ಒಂದು ಸಾದಾ ನಕಾಶೆ, ಉತಾರದ ಪ್ರತಿ ಕೊಟ್ಟು ರಸೀತಿ ಪಡೆಯಿರಿ. ನಗರಸಭೆ, ಪಟ್ಟಣ ಪಂಚಾಯತಿಗಳ ಹದ್ದಿನೊಳಗೆ ಹೊಲ ಇದ್ದವರು ಅಲ್ಲಿಯೇ ಅರ್ಜಿ ಕೊಡಬೇಕು.

ಪಂಚಾಯತಿಗಳಲ್ಲಿ 2013ರಿಂದ ‘ಇ-ಸ್ವತ್ತು’ ಬಂದಿದೆ. ಗಾವಠಾಣದ ಮನೆಗೆ, ಎನ್.ಎ. ಆಗಿ ಮಂಜೂರಾದ ಪ್ಲಾಟಿಗೆ ನಮೂನೆ 9 ಮತ್ತು 11 ಸಿಗುತ್ತವೆ. ಬೇಸಾಯದ ಜಮೀನಿನಲ್ಲಿರುವ ತೋಟದ ಮನೆಗೆ ಅವು ಸಿಗಲಿಲ್ಲವೆಂದು ಗಾಬರಿಯಾಗಬೇಡಿರಿ. ಆ ನೆಲಕ್ಕೆ ಉತಾರವೇ ಆಧಾರ. ಪ್ಲಾಟು ಕೊಳ್ಳುವವರು ಇನ್ನೊಂದು ಮಾತನ್ನು ನೆನಪಿನಲ್ಲಿಡಿರಿ: ನಮೂನೆ 11ಬಿ ಎಂಬುದು ಎನ್.ಎ. ಆದೇಶಕ್ಕೆ ಬದಲಿಯಲ್ಲ. ಅದನ್ನೇ ತೋರಿಸಿ “ಎಲ್ಲ ಸರಿ ಇದೆ” ಎನ್ನುವವರ ಮಾತಿಗೆ ಮುಂಗಡ ಕೊಡಬೇಡಿರಿ.

ತೋಟದ ಪಂಪಿಗೆ ಬಂದ ಕರೆಂಟು ನೀರಾವರಿಗಷ್ಟೇ. ಮನೆಯ ದೀಪಕ್ಕೆ ಹೆಸ್ಕಾಂನಿಂದ ಬೇರೆ ಮೀಟರು ತೆಗೆದುಕೊಳ್ಳಿರಿ. ಆ ಬಿಲ್ಲೂ ಮುಂದೆ ನಿಮ್ಮ ಮನೆಗೆ ಒಂದು ಸಾಕ್ಷಿಯಾಗುತ್ತದೆ.

ನೀರು ಬರುವ ನೆಲ

ಇಷ್ಟೆಲ್ಲ ಕಾಗದ ಏಕೆ ಎಂಬುದಕ್ಕೆ ನಮ್ಮ ನದಿಗಳೇ ಉತ್ತರ ಕೊಟ್ಟಿವೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಬಂದದ್ದನ್ನು ನೀವು ಮರೆತಿಲ್ಲ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಆಗ ಸಾರಿತು. ಇಂಥ ಹೊತ್ತಿನಲ್ಲಿ ಸಮೀಕ್ಷೆಗೆ ಬಂದವರ ಮುಂದೆ ಇರುವುದು ಮಣ್ಣಿನ ಗುಡ್ಡೆ. ಅಲ್ಲಿ ಮನೆ ಇತ್ತು, ಅದು ನಿಮ್ಮದೇ ಆಗಿತ್ತು ಎಂದು ಹೇಳುವುದು ಕಾಗದವೊಂದೇ.

ಬೀಳಗಿ, ಜಮಖಂಡಿ ಭಾಗದ ದಂಡೆಯ ರೈತರಿಗೆ ಇನ್ನೊಂದು ಚಿಂತೆ ಉಂಟು. ಆಲಮಟ್ಟಿಯಲ್ಲಿ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. 2013ರ ಭೂಸ್ವಾಧೀನ ಕಾಯ್ದೆಯಂತೆ ನೆಲದ ಜೊತೆಗೆ ಅದರ ಮೇಲಿನ ಕಟ್ಟಡಕ್ಕೂ ಬೆಲೆ ಕಟ್ಟಬೇಕು. ಹೀಗಾಗಿ ಹಳೆಯ ತೋಟದ ಮನೆ ಇದ್ದವರು ಅದರ ಕಾಗದಗಳನ್ನು ಈಗಲೇ ಸರಿಮಾಡಿಕೊಳ್ಳುವುದು ಒಳ್ಳೆಯದು. ಆದರೆ ಹೆಚ್ಚು ಪರಿಹಾರ ಬಂದೀತೆಂದು ಮುಳುಗುವ ನೆಲದಲ್ಲಿ ಹೊಸದಾಗಿ ಗೋಡೆ ಎಬ್ಬಿಸಬೇಡಿರಿ. ಸಾಲ ಮಾಡಿ ನೀರಿಗೆ ಹಾಕಿದಂತಾದೀತು. ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆ ಜಮೀನಿನ ವ್ಯವಹಾರವನ್ನೂ ಕಾಯ್ದೆ ತಡೆಯುತ್ತದೆ. ಬಾಗಲಕೋಟೆ-ಕುಡಚಿ ರೈಲು ಮಾರ್ಗ, ಹೆದ್ದಾರಿ, ಕಾಲುವೆಗಳ ಬದಿಯ ಹೊಲದವರೂ ಕಟ್ಟುವ ಮೊದಲು ತಮ್ಮ ಸರ್ವೆ ನಂಬರು ಸ್ವಾಧೀನದಲ್ಲಿ ಸೇರಿದೆಯೇ ಎಂದು ತಹಶೀಲ್ದಾರ ಕಚೇರಿಯಲ್ಲಿ ವಿಚಾರಿಸಿರಿ.

ಒಂದು ತಗಡಿನ ಡಬ್ಬಿ

ಕೊನೆಗೆ, ಖರ್ಚಿಲ್ಲದ ಒಂದು ಕೆಲಸ. ಉತಾರ, ವಾಟ್ನಿ ಪತ್ರ, ಅಳತೆಯ ನಕ್ಷೆ, ಪಂಚಾಯತಿಯ ಅನುಮತಿ, ತೆರಿಗೆ ರಸೀತಿ, ಮೀಟರಿನ ಬಿಲ್ಲು, ಮನೆಯ ನಾಲ್ಕೂ ದಿಕ್ಕಿನ ಫೋಟೋ ಇವನ್ನು ಒಂದು ತಗಡಿನ ಡಬ್ಬಿಯಲ್ಲಿಡಿರಿ. ಇನ್ನೊಂದು ಪ್ರತಿ ಎತ್ತರದ ಊರಿನಲ್ಲಿರುವ ಬೀಗರ ಮನೆಯಲ್ಲಿರಲಿ. ಯಾವ ಅರ್ಜಿ ಕೊಟ್ಟರೂ ರಸೀತಿ ಇಲ್ಲದೆ ಕಚೇರಿಯಿಂದ ಹೊರಬರಬೇಡಿರಿ. ಸಕಾಲದ ಅರ್ಜಿಯಾದರೆ ರಸೀತಿಯ ಮೇಲೆ 15 ಅಂಕಿಯ ಸಂಖ್ಯೆ ಇರುತ್ತದೆ. ಮುಂದೆ ಕೇಳಲು ಅದೇ ನಿಮ್ಮ ಹಿಡಿಕೆ.

ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ವಂತಿಗೆ ಹಾಕಿ, ಶ್ರಮದಾನ ಮಾಡಿ ಕೃಷ್ಣೆಗೇ ಬ್ಯಾರೇಜು ಕಟ್ಟಿದ ರೈತರ ನಾಡು ಇದು. ನಾಲ್ಕು ಕಾಗದ ಕೂಡಿಸುವುದು ನಮಗೆ ಅಸಾಧ್ಯವಾದ ಕೆಲಸವೇನೂ ಅಲ್ಲ. ಈ ಸಲ ಇಟ್ಟಿಗೆಯ ಟ್ರ್ಯಾಕ್ಟರಿಗೆ ಹೇಳಿ ಕಳಿಸುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಉತಾರ ತೆಗೆಸಿರಿ. ಓದಲು ಬಾರದ ನೆರೆಯವನಿದ್ದರೆ ಅವನ ಉತಾರವನ್ನೂ ಓದಿ ಹೇಳಿರಿ.