ಪ್ರತ್ಯೇಕ ಎಂದಮೇಲೆ ಸಮಾನವೆಲ್ಲಿ?

ಸರ್ಕಾರಿ ಶಾಲೆಗಳಲ್ಲಿ ಬಿಳಿಯರ ಮತ್ತು ಕಪ್ಪುವರ್ಣೀಯರ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರ ಮೇ 17ರಂದು ‘ಬ್ರೌನ್ ವಿರುದ್ಧ ಟೊಪೀಕಾ ಶಿಕ್ಷಣ ಮಂಡಳಿ’ ಪ್ರಕರಣದಲ್ಲಿ ಸಾರಿತು. ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ನೀಡಿದ ಈ ತೀರ್ಪಿನ ಹಿಂದೆ, ಎರಡು ದಶಕಗಳ ಕಾಲ ಹಂತಹಂತವಾಗಿ ಕಟ್ಟಿದ ವಾದವೊಂದಿತ್ತು.

ಅಂತರ್ಯುದ್ಧದ ನಂತರ, 1868ರಲ್ಲಿ ಸಂವಿಧಾನಕ್ಕೆ ಸೇರಿದ 14ನೇ ತಿದ್ದುಪಡಿ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆಯ ಭರವಸೆ ಕೊಟ್ಟಿತ್ತು. ಆದರೆ ಲೂಸಿಯಾನದ ರೈಲುಬೋಗಿಗಳಲ್ಲಿನ ವರ್ಣಭೇದವನ್ನು ಪ್ರಶ್ನಿಸಿದ ಪ್ಲೆಸಿ ಪ್ರಕರಣದಲ್ಲಿ ಇದೇ ನ್ಯಾಯಾಲಯ, ಸೌಲಭ್ಯಗಳು ಸಮಾನವಾಗಿದ್ದರೆ ಅವು ಪ್ರತ್ಯೇಕವಾಗಿರುವುದು ತಪ್ಪಲ್ಲವೆಂದು 1896ರಲ್ಲಿ ಹೇಳಿತು. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಈ ತತ್ವದಲ್ಲಿ ಪ್ರತ್ಯೇಕತೆ ಕಟ್ಟುನಿಟ್ಟಾಗಿ ಜಾರಿಯಾಯಿತೇ ಹೊರತು ಸಮಾನತೆ ಕಾಗದದಲ್ಲೇ ಉಳಿಯಿತು.

ಕಪ್ಪುವರ್ಣೀಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ವಕೀಲ ಚಾರ್ಲ್ಸ್ ಹ್ಯೂಸ್ಟನ್ ಹಾಗೂ ಅವರ ಶಿಷ್ಯ ಥರ್ಗುಡ್ ಮಾರ್ಷಲ್ ಈ ದೌರ್ಬಲ್ಯವನ್ನೇ ಹಿಡಿದರು. ಕಪ್ಪುವರ್ಣೀಯರಿಗೆ ಪ್ರತ್ಯೇಕ ಕಾನೂನು ಕಾಲೇಜುಗಳೇ ಇಲ್ಲದ ರಾಜ್ಯಗಳಲ್ಲಿ ಮೊದಲು ದಾವೆ ಹೂಡಿ, ಸಮಾನತೆಯನ್ನು ಕೊಡಿ ಅಥವಾ ಪ್ರವೇಶ ಕೊಡಿ ಎಂದು ಪಟ್ಟು ಹಿಡಿದರು. ಓಕ್ಲಹೋಮ ವಿಶ್ವವಿದ್ಯಾಲಯ ಜಾರ್ಜ್ ಮೆಕ್‌ಲಾರಿನ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಪ್ರವೇಶ ಕೊಟ್ಟರೂ, ತರಗತಿಗೆ ಹೊಂದಿಕೊಂಡ ಪಕ್ಕದ ಕೋಣೆಯಲ್ಲಿ ಅವರನ್ನು ಕೂರಿಸಿ, ಗ್ರಂಥಾಲಯದಲ್ಲೂ ಊಟದ ಮನೆಯಲ್ಲೂ ಬೇರೆ ಮೇಜು ಗೊತ್ತುಮಾಡಿತ್ತು; ಪಾಠ ಒಂದೇ ಆಗಿದ್ದರೂ ಹೀಗೆ ದೂರವಿಡುವುದೇ ಕಲಿಕೆಗೆ ಅಡ್ಡಿಯೆಂದು 1950ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು.

ಹೋರಾಟವನ್ನು ಮಕ್ಕಳ ಶಾಲೆಗೆ ತಂದವರಲ್ಲಿ ಮಕ್ಕಳೂ ಇದ್ದರು. ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲಿ 180 ಮಂದಿಗೆಂದು ಕಟ್ಟಿದ ಕಪ್ಪುವರ್ಣೀಯರ ಪ್ರೌಢಶಾಲೆಯಲ್ಲಿ 450ರಷ್ಟು ವಿದ್ಯಾರ್ಥಿಗಳಿದ್ದು, ಹಲವರಿಗೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳೇ ತರಗತಿಗಳಾಗಿದ್ದವು. 1951ರ ಏಪ್ರಿಲ್‌ನಲ್ಲಿ 16 ವರ್ಷದ ಬಾರ್ಬರಾ ಜಾನ್ಸ್ ಮುಂದಾಳತ್ವದಲ್ಲಿ ತರಗತಿ ಬಹಿಷ್ಕರಿಸಿದ ವಿದ್ಯಾರ್ಥಿಗಳು ಕೇಳಿದ್ದು ಒಳ್ಳೆಯ ಕಟ್ಟಡವನ್ನು. ಪ್ರತ್ಯೇಕತೆಯನ್ನೇ ಪ್ರಶ್ನಿಸುವುದಾದರೆ ಮಾತ್ರ ದಾವೆ ಹೂಡುವೆವೆಂದು ಎನ್‌ಎಎಸಿಪಿ ವಕೀಲರು ಹೇಳಿದಾಗ ವಿದ್ಯಾರ್ಥಿಗಳೂ ಪೋಷಕರೂ ಒಪ್ಪಿದರು. ಈ ದಾವೆ ಕನ್ಸಾಸ್, ದಕ್ಷಿಣ ಕೆರೊಲಿನಾ, ಡೆಲವೇರ್ ರಾಜ್ಯಗಳ ಪ್ರಕರಣಗಳೊಡನೆ ಸೇರಿ ‘ಬ್ರೌನ್’ ಹೆಸರಿನಲ್ಲಿ ವಿಚಾರಣೆಗೆ ಬಂದಿತು. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಬರೆದ ತೀರ್ಪು, ಪ್ರತ್ಯೇಕ ಶಾಲೆಗಳು ಸ್ವಭಾವತಃ ಅಸಮಾನವೆಂದು ಹೇಳಿ ಶಿಕ್ಷಣ ಕ್ಷೇತ್ರದಲ್ಲಿ ಪ್ಲೆಸಿ ತತ್ವವನ್ನು ತಳ್ಳಿಹಾಕಿತು.

ಜಾರಿಯ ವಿಷಯದಲ್ಲಿ ಮಾತ್ರ ನ್ಯಾಯಾಲಯ 1955ರಲ್ಲಿ ನಿರ್ದಿಷ್ಟ ಗಡುವು ವಿಧಿಸದೆ ಹೋದದ್ದು ವಿರೋಧಿಗಳಿಗೆ ವರವಾಯಿತು. ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪುವರ್ಣೀಯ ವಿದ್ಯಾರ್ಥಿಗಳನ್ನು ಬಿಳಿಯರ ಶಾಲೆಯೊಳಗೆ ಕರೆದೊಯ್ಯಲು 1957ರಲ್ಲಿ ಸೇನೆ ಬರಬೇಕಾಯಿತು. ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿತು. ಆದರೂ ತೀರ್ಪಿನ ತರ್ಕ ಶಾಲೆಯ ಗೋಡೆ ದಾಟಿ, 1956ರಲ್ಲಿ ಮಾಂಟ್ಗೊಮರಿ ನಗರದ ಬಸ್ಸುಗಳಲ್ಲಿನ ಭೇದವನ್ನು ಅಳಿಸಿತು. ಭೇದ ಪಾಲಿಸುವ ಶಾಲೆಗಳಿಗೆ ಕೇಂದ್ರದ ಅನುದಾನ ತಡೆಯುವ ಅಧಿಕಾರ 1964ರ ನಾಗರಿಕ ಹಕ್ಕುಗಳ ಕಾಯಿದೆಯಿಂದ ದೊರೆತ ಮೇಲೆ ಶಾಲೆಗಳ ಬಾಗಿಲುಗಳೂ ವೇಗವಾಗಿ ತೆರೆಯತೊಡಗಿದವು. ನ್ಯಾಯಾಲಯ ಹಕ್ಕನ್ನು ಘೋಷಿಸಬಲ್ಲದು. ಅದನ್ನು ಕೇಳುವ ಧೈರ್ಯ ಜನರಿಂದಲೂ ಜಾರಿಗೊಳಿಸುವ ಬಲ ಸರ್ಕಾರದಿಂದಲೂ ಬಂದಾಗಲೇ ಬ್ರೌನ್ ತೀರ್ಪು ಚರಿತ್ರೆಯ ತಿರುವಾಯಿತು.